ಪದಚರ್ಚೆ: ಬಿಯರಿನ ಒಗರಿಗೆ ‘ಕಷಾಯ’ ಎನ್ನಬಹುದೇ?

ಪ್ರಶ್ನೆ (ಮಂಡ್ಯದಿಂದ):

ಕ್ರಾಫ್ಟ್ ಬಿಯರ್ ರುಚಿ ನೋಡಿ ಅಂಕ ಕೊಡುವ ನಮೂನೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಬಿಟರ್’ ಎಂಬಲ್ಲಿ ಕಹಿ ಎಂದು ಹಾಕಿದೆ. ‘ಆಸ್ಟ್ರಿಂಜೆಂಟ್’ಗೆ ಕಷಾಯ, ಸಂಕೋಚಕ, ಒಗರು ಮೂರೂ ಕಣ್ಣಿಗೆ ಬಿದ್ದಿವೆ. ‘ಕಟು’ ಎಂದರೆ ಸಾಕು ಅನ್ನುವವರೂ ಇದ್ದಾರೆ. ಗಿಡಗಳಲ್ಲಿರುವ ‘ಟ್ಯಾನಿನ್’ ಎಂಬ ವಸ್ತುವಿಗೆ ನಮ್ಮಲ್ಲಿ ಪದ ಉಂಟೇ? ಬಲ್ಲವರು ತಿಳಿಸಿ.

ಉತ್ತರ (ಮೈಸೂರಿನಿಂದ):

ಒಗರು ಎಂದೇ ಬರೆಯಿರಿ ಸರ್. ಆಯುರ್ವೇದದ ಆರು ರಸಗಳಲ್ಲಿ ಒಗರಿಗೆ ಕಷಾಯ ಎಂಬ ಹೆಸರಿರುವುದು ನಿಜ. ಆದರೆ ನಮ್ಮ ಮನೆಗಳಲ್ಲಿ ಕಷಾಯ ಎಂದರೆ ಜೀರಿಗೆ, ಮೆಣಸು ಹಾಕಿ ಕುದಿಸಿದ ನೀರು. ಬಿಯರಿಗೂ ಮಾಲ್ಟಿನ (ಮೊಳೆಸಿ ಒಣಗಿಸಿದ ಧಾನ್ಯದ) ರಸವನ್ನು ಕುದಿಸುತ್ತಾರೆ, ಹಾಗಾಗಿ ಗೊಂದಲ ಇಮ್ಮಡಿಯಾಗುತ್ತದೆ. ಕಟು ಅನ್ನುವುದು ಅದೇ ಪಟ್ಟಿಯಲ್ಲಿ ಖಾರದ ಹೆಸರು. ಕಹಿಗೆ ಅಲ್ಲಿರುವುದು ತಿಕ್ತ. ಸಂಕೋಚಕ ಔಷಧದ ಪುಸ್ತಕಕ್ಕೆ ಸರಿ, ನಾಲಿಗೆಗೆ ಒಗ್ಗದು.

ಕಹಿ ರುಚಿ, ಒಗರು ಹೆಚ್ಚಾಗಿ ಸ್ಪರ್ಶ. ಬಾಳೆಕಾಯಿ ಕಚ್ಚಿದಾಗ ಕೆನ್ನೆಯ ಒಳಗೆಲ್ಲ ಒಣಗಿ, ನಾಲಿಗೆ ಅಂಗುಳಕ್ಕೆ ತರಿತರಿಯಾಗಿ ಉಜ್ಜುತ್ತದಲ್ಲ, ಅದು ಒಗರು. ಜೊಲ್ಲಿನ ಪ್ರೋಟೀನುಗಳನ್ನು ಟ್ಯಾನಿನ್ ಹಿಡಿದುಕೊಂಡು ಬಾಯಿಯ ಜಾರು ಹೋಗುವುದರಿಂದ ಹಾಗಾಗುತ್ತದೆ. ಹೆಚ್ಚು ಹೊತ್ತು ಕುದಿಸಿದ ಬರೀ ಟೀ ಗುಟುಕರಿಸಿ, ಆಮೇಲೆ ಅದಕ್ಕೇ ಹಾಲು ಬೆರೆಸಿ ನೋಡಿ. ಹಾಲಿನ ಪ್ರೋಟೀನು ಟ್ಯಾನಿನ್ ಹಿಡಿಯುತ್ತದೆ, ತಟ್ಟನೆ ತಗ್ಗುವುದು ಒಗರು.

ನಮೂನೆಯಲ್ಲಿ ಎರಡನ್ನೂ ಬೆರೆಸಿದರೆ ಬಿಯರ್ ಮಾಡುವವರಿಗೆ ನಷ್ಟ. ಕಹಿ ಬರುವುದು ಬಳ್ಳಿಯೊಂದರ ಹೂವಾದ ಹಾಪ್ಸ್‌ನಿಂದ. ಅದರ ಆಲ್ಫಾ ಆಮ್ಲಗಳು 60 ನಿಮಿಷದ ಕುದಿತದಲ್ಲಿ ರೂಪ ಬದಲಿಸಿ ಕಹಿ ಕೊಡುತ್ತವೆ. ಪಿಲ್ಸ್ನರ್, ಐಪಿಎ ಬಗೆಯ ಬಿಯರುಗಳಿಗೆ ಅದೇ ಜೀವ. ಸಾಜ್ ಎಂಬ ತಳಿಯ ಹಾಪ್ಸ್ ಹಾಕಿದ ಪಿಲ್ಸ್ನರ್‌ನ ಕಹಿ ನನಗೆ ಎಲ್ಲಕ್ಕಿಂತ ಮೆಚ್ಚು: ಹಾಗಲಕಾಯಿ ಗೊಜ್ಜಿನ ಹಾಗೆ, ಇನ್ನೊಂದು ತುತ್ತಿಗೆ ಕರೆಯುವ ಕಹಿ.

ಒಗರು ಬಹುಪಾಲು ದೋಷ, ಅದೂ ಧಾನ್ಯದ ಸಿಪ್ಪೆಯದು. ಬಾರ್ಲಿ ಮಾಲ್ಟನ್ನು ಹಿಟ್ಟಿನ ಗಿರಣಿಯಲ್ಲಿ ನುಣ್ಣಗೆ ಬೀಸಿಸಿದರೆ ಸಿಪ್ಪೆ ಪುಡಿಯಾಗುತ್ತದೆ. ಕಾಳು ಎರಡು ಮೂರು ಹೋಳಾಗಿ, ಸಿಪ್ಪೆ ಇಡಿಯಾಗಿ ಉಳಿಯಬೇಕು. ನೆನೆಸಿದ ಮಾಲ್ಟಿನಿಂದ ಸಕ್ಕರೆ ತೊಳೆದಿಳಿಸುವ ಬಿಸಿನೀರು 77 ಡಿಗ್ರಿ ಸೆಲ್ಸಿಯಸ್ ಮೀರಬಾರದು, ರಸದ ಪಿಎಚ್ 6 ದಾಟಬಾರದು. ಇಳಿಯುವ ರಸದ ಸಾಂದ್ರತೆ (ಬರೀ ನೀರಿನದು 1.000) 1.010ಕ್ಕೆ ಬಂತೆಂದರೆ ಅಲ್ಲಿಗೇ ನಿಲ್ಲಿಸಬೇಕು. ಸಕ್ಕರೆ ಇನ್ನೂ ಉಳಿದಿದೆ ಎಂದು ಕೊನೆಯ ಹನಿವರೆಗೂ ತೊಳೆದರೆ ಇಳಿಯುವುದು ಟ್ಯಾನಿನ್. ಇಂಥ ಬಿಯರಿಗೆ ‘ಕಹಿ ಹೆಚ್ಚು’ ಎಂದು ಬರೆದುಕೊಟ್ಟರೆ ಅವರು ಮುಂದಿನ ಸಲ ಹಾಪ್ಸ್ ಕಡಿಮೆ ಮಾಡುತ್ತಾರೆ. ಒಗರು ಇದ್ದಲ್ಲೇ ಇರುತ್ತದೆ, ಪರಿಮಳವೂ ಹೋಗುತ್ತದೆ.

ರಾಗಿ ಬೆರೆಸುವವರಿಗೆ ಈ ಪದ ಇನ್ನೂ ಮುಖ್ಯ. ಕೆಂಪು ರಾಗಿಯ ಹೊರಪದರದಲ್ಲೇ ಟ್ಯಾನಿನ್ ಇದೆ. ಬಾರ್ಲಿಯಂತೆ ಹೊಟ್ಟು ಇಲ್ಲದ್ದರಿಂದ ಸೋಸುವಾಗ ಅಂಬಲಿಯಂತೆ ಕಟ್ಟಿಕೊಳ್ಳುತ್ತದೆ, ಆಗ ಕುದಿನೀರು ಸುರಿಯುವುದೇ ತಪ್ಪು. 5 ಕಿಲೋ ಧಾನ್ಯಕ್ಕೆ ಚೆನ್ನಾಗಿ ತೊಳೆದ ಭತ್ತದ ಹೊಟ್ಟು 250 ಗ್ರಾಂ ಸೇರಿಸಿದರೆ ರಸ ಸಲೀಸಾಗಿ ಇಳಿಯುತ್ತದೆ. (ಮಾಲ್ಟ್‌ಗೆ ‘ಹುರಿಹಿಟ್ಟು’ ಎಂದು ದಯವಿಟ್ಟು ಬರೆಯಬೇಡಿ. ಹುರಿಹಿಟ್ಟಿನ ರಾಗಿ ಮೊಳೆತದ್ದಲ್ಲ, ಅರಳಿದ್ದು. ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಅದರಲ್ಲಿ ಉಳಿದಿರುವುದಿಲ್ಲ.)

ಟ್ಯಾನಿನ್‌ಗೆ ‘ಚೊಗರು’ ನೋಡಿ. ಅಡಿಕೆ ಬೇಯಿಸಿದಾಗ ಬಿಡುವ ಕೆಂಪು ರಸಕ್ಕೆ ಮಲೆನಾಡಿನಲ್ಲಿ ಹಾಗನ್ನುತ್ತಾರೆ. ಅದರಲ್ಲಿ ತುಂಬಿರುವುದು ಟ್ಯಾನಿನ್ನೇ. ರುಚಿಗೆ ಒಗರು, ವಸ್ತುವಿಗೆ ಚೊಗರು. ನಮ್ಮ ಕಡೆ ಬಳಕೆ ಕಡಿಮೆ, ಮೊದಲ ಸಲ ಬಂದಲ್ಲಿ ಪಕ್ಕದಲ್ಲೇ ಟ್ಯಾನಿನ್ ಎಂದೂ ಬರೆಯಿರಿ.

ಅಂಕದ ಸಾಲಿಗೆ ‘ಅಲ್ಪ, ಮಧ್ಯಮ, ತೀವ್ರ’ ಎನ್ನುವ ಬದಲು ಹೀಗೆ ಹಾಕಬಹುದು: ನೇರಳೆಹಣ್ಣಿನಷ್ಟು, ಹಸಿ ಅಡಿಕೆಯಷ್ಟು, ಬಾಳೆಕಾಯಿಯಷ್ಟು.