ಒತ್ತೆಹಣ ಕೊಟ್ಟರೆ ಮುಂದಿನ ಅಪಹರಣಕ್ಕೆ ದಾರಿ ಮಾಡಿದಂತೆಯೇ?

ಪ್ರಶ್ನೆ (ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು):

ವಕೀಲರಿಗೆ ನಮಸ್ಕಾರಗಳು. ಭಾವನವರಿಗೂ ನನಗೂ ನಡೆದ ವಾದವೊಂದನ್ನು ತಮ್ಮ ಮುಂದಿಡುತ್ತಿದ್ದೇನೆ. ಹಣವಂತರ ಮಕ್ಕಳನ್ನು ಅಪಹರಿಸಿದಾಗ ಮನೆಯವರು ಕೇಳಿದಷ್ಟು ಕೊಟ್ಟು ಬಿಡಿಸಿಕೊಳ್ಳುವುದರಿಂದಲೇ ಈ ದಂಧೆ ಬೆಳೆಯುತ್ತದೆ, ಯಾರೂ ಕೊಡದಿದ್ದರೆ ತಾನಾಗಿಯೇ ನಿಲ್ಲುತ್ತದೆ ಎಂಬುದು ಅವರ ವಾದ. ನನ್ನ ಮಗನೇ ಅವರ ಕೈಗೆ ಸಿಕ್ಕಿದ್ದರೆ ತೋಟ ಅಡವಿಟ್ಟಾದರೂ ಕೊಡುತ್ತೇನೆ ಎಂದೆ ನಾನು. ಕಾಫಿಗೆ ಒಳ್ಳೆಯ ದರ ಬಂದ ಮೇಲೆ ಯಾರ ಮನೆಯಲ್ಲಿ ಎಷ್ಟು ಮೂಟೆ ಇದೆ ಎಂಬುದು ಊರಿಗೆಲ್ಲ ಗೊತ್ತಿರುವುದರಿಂದ ನಮಗಿದು ಬರಿಯ ಹರಟೆಯ ವಿಷಯವಲ್ಲ. ಭಾವನವರು ಹೇಳುವುದು ಸರಿಯೇ? ಹಣ ಕೊಡುವುದು ಕಾನೂನಿನಲ್ಲಿ ಅಪರಾಧವೇ?

ಉತ್ತರ (ಚಿಕ್ಕಮಗಳೂರಿನ ಕ್ರಿಮಿನಲ್ ವಕೀಲರು):

ಎರಡನೆಯ ಪ್ರಶ್ನೆಯ ಉತ್ತರ ಚಿಕ್ಕದಾದ್ದರಿಂದ ಅದನ್ನು ಮೊದಲು ಮುಗಿಸುತ್ತೇನೆ. ಮಗನ ಜೀವ ಉಳಿಸಿಕೊಳ್ಳಲು ಹಣ ಕೊಟ್ಟ ತಂದೆಯನ್ನು ನಮ್ಮ ದಂಡ ಕಾನೂನು ಅಪರಾಧಿ ಎನ್ನುವುದಿಲ್ಲ. ಅಪರಾಧ ಕೇಳಿದವನದು. 1993ರಲ್ಲಿ ಹಳೆಯ ದಂಡ ಸಂಹಿತೆಗೆ ಸೇರಿಸಿದ್ದ 364ಎ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 140(2) ಆಗಿದ್ದು, ಅದರಡಿ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಿದೆ. ಆದರೆ ಸುದ್ದಿಯನ್ನು ಮುಚ್ಚಿಡುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಇಂಥ ಅಪಹರಣ ನಡೆದದ್ದು ತಿಳಿದವರು, ತಕ್ಕ ಕಾರಣವಿಲ್ಲದಿದ್ದರೆ, ಕೂಡಲೇ ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸಬೇಕೆಂದು, ಪೊಲೀಸ್ ಮತ್ತು ಕೋರ್ಟಿನ ಕ್ರಮಗಳನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಂ ಹೇಳುತ್ತದೆ.

ಇನ್ನು ಭಾವನವರ ವಾದ. ಅದರಲ್ಲಿ ಹುರುಳಿದೆ. 1996ರಲ್ಲಿ ಹಾಂಗ್‌ಕಾಂಗಿನ ಉದ್ಯಮಿ ಲಿ ಕಾ-ಶಿಂಗ್ ಅವರ ಹಿರಿಯ ಮಗನನ್ನು ಒಂದು ತಂಡ ಹಿಡಿದೊಯ್ದಾಗ, ಮನೆಯವರು ಪೊಲೀಸರಿಗೆ ಹೇಳದೆ 100 ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಹೆಚ್ಚು ಹಣ ಕೊಟ್ಟು ಬಿಡಿಸಿಕೊಂಡರು. ಮರುವರ್ಷವೇ ಅದೇ ತಂಡ ಇನ್ನೊಂದು ಸಿರಿವಂತ ಮನೆತನದ ವಾಲ್ಟರ್ ಕ್ವಾಕ್ ಅವರನ್ನು ಹಿಡಿದು 60 ಕೋಟಿ ಪಡೆಯಿತು. ತಂಡದ ನಾಯಕ ಸಿಕ್ಕಿಬಿದ್ದು ಚೀನಾದಲ್ಲಿ ಮರಣದಂಡನೆಗೆ ಗುರಿಯಾದದ್ದು 1998ರಲ್ಲಿ. ಇಲ್ಲಿ ಆ ತಂಡಕ್ಕೆ ಧೈರ್ಯ ಕೊಟ್ಟದ್ದು ಹಣವೊಂದೇ ಅಲ್ಲ, ಅದರ ಹಿಂದಿನ ಮೌನ ಎಂಬುದು ನನ್ನ ಅಭಿಪ್ರಾಯ. ದೂರು ಇಲ್ಲದಿದ್ದ ಮೇಲೆ ಬೆನ್ನಟ್ಟುವವರು ಯಾರು?

ಕೊಡುವ ವೇಗವೂ ಮುಖ್ಯವೇ. ಲಂಡನ್ನಿನಲ್ಲಿ ಅಪಹರಣ ವಿಮೆ ಮಾಡುವವರು ನಿಯೋಜಿಸುವ ಸಂಧಾನಕಾರರು ಬೇಕೆಂದೇ ಮಾತುಕತೆಯನ್ನು ಎಳೆಯುತ್ತಾರೆ. ಪ್ರತಿ ಸುತ್ತಿನಲ್ಲಿಯೂ ಹಿಂದಿನದಕ್ಕಿಂತ ಕಡಿಮೆ ಏರಿಸುತ್ತಾ, ಇನ್ನು ಹಿಂಡಿದರೂ ಹನಿ ಬಾರದು ಎಂದು ಎದುರಿನವನಿಗೆ ಮನದಟ್ಟು ಮಾಡಿಸುತ್ತಾರೆ. ಹೇಳಿದ ದರಕ್ಕೆ ತಟ್ಟನೆ ಒಪ್ಪಿಬಿಟ್ಟರೆ ಎದುರಿನವನು ಏನೆಂದುಕೊಳ್ಳುತ್ತಾನೆ ಎಂಬುದನ್ನು ಕಾಫಿ ಮಾರುವವರಿಗೆ ನಾನು ವಿವರಿಸಬೇಕಾಗಿಲ್ಲ.

ಪ್ರತಿಪ್ರಶ್ನೆ (ಅದೇ ಬೆಳೆಗಾರರು):

ಹಾಗಾದರೆ ಕೊಡುವುದನ್ನೇ ಕಾನೂನಿನಿಂದ ನಿಷೇಧಿಸಿದರೆ ಆಗದೇ ಎಂದು ಭಾವನವರು ಕೇಳುತ್ತಿದ್ದಾರೆ.

ಉತ್ತರ:

ಆ ಪ್ರಯತ್ನವೂ ನಡೆದಿದೆ. ಇಟಲಿಯಲ್ಲಿ 1991ರ ಕಾನೂನು ಅಪಹೃತರ ಕುಟುಂಬದ ಆಸ್ತಿ ಮತ್ತು ಬ್ಯಾಂಕ್ ಖಾತೆಗಳನ್ನು ತಡೆಹಿಡಿಯಲು ಅವಕಾಶ ಕೊಟ್ಟಿತು. ಅಲ್ಲಿ ಅಪಹರಣಗಳು ಇಳಿದದ್ದು ನಿಜ. ಆದರೆ ಅಷ್ಟು ಹೊತ್ತಿಗೆ ಪೊಲೀಸರ ಕೈಯೂ ಬಲವಾಗಿತ್ತು, ಮತ್ತು ಖಾತೆ ಮುಚ್ಚಿಹೋಗುವುದೆಂಬ ಹೆದರಿಕೆಯಿಂದ ಕುಟುಂಬಗಳು ಪೊಲೀಸರನ್ನೇ ದೂರವಿಡುತ್ತವೆ ಎಂಬ ಆಕ್ಷೇಪವೂ ಇತ್ತು. ಕೊಲಂಬಿಯಾ 1993ರಲ್ಲಿ ಹಣ ಕೊಡುವುದನ್ನೇ ಅಪರಾಧ ಮಾಡಿತು; ಒಂದು ಜೀವ ಉಳಿಸಲು ಕೊಟ್ಟವರನ್ನು ದಂಡಿಸಲಾಗದೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಅದೇ ವರ್ಷ ಆ ನಿಷೇಧವನ್ನು ತೆಗೆದುಹಾಕಿತು. ವಕೀಲನಾಗಿ ನನಗೆ ಆ ತೀರ್ಪು ಸರಿಯೆನಿಸುತ್ತದೆ. ಭಾವನವರು ಹೇಳುವ ಮಾತನ್ನು ನೀತಿಯಾಗಿ ಸರ್ಕಾರ ಇಟ್ಟುಕೊಳ್ಳಬಹುದು, ಅದನ್ನು ಮಗನಿಗಾಗಿ ಕಾಯುತ್ತಿರುವ ತಾಯಿಯ ಮೇಲೆ ಹೇರಲಾಗದು.

ಇನ್ನೊಬ್ಬರ ಪ್ರಶ್ನೆ (ಸಕಲೇಶಪುರದಿಂದ):

ವಕೀಲರೇ, ಡಾ. ರಾಜ್‌ಕುಮಾರ್ ಅವರ ಅಪಹರಣದ ಕಾಲದಲ್ಲಿ ಸರ್ಕಾರವೇ ಬಗ್ಗಿತಲ್ಲವೇ?

ಉತ್ತರ:

ಆ 108 ದಿನಗಳನ್ನು ಕಂಡವರು ಯಾರೂ ಮರೆತಿರಲಾರರು. 2000ದ ಜುಲೈ 30ರಂದು ಗಾಜನೂರಿನಿಂದ ಅವರನ್ನು ಕರೆದೊಯ್ದ ವೀರಪ್ಪನ್ ಮುಂದಿಟ್ಟ ಬೇಡಿಕೆಗಳಲ್ಲಿ ಟಾಡಾ ಎಂಬ ಭಯೋತ್ಪಾದನೆ ತಡೆ ಕಾನೂನಿನಡಿ ಬಂಧಿತರಾಗಿದ್ದ ಕೈದಿಗಳ ಬಿಡುಗಡೆಯೂ ಇತ್ತು. ಸರ್ಕಾರ ಅವರ ಮೇಲಿನ ಮೊಕದ್ದಮೆ ಹಿಂಪಡೆಯಲು ಹೊರಟಾಗ, ವೀರಪ್ಪನ್ ತಂಡದಿಂದ ಹತರಾಗಿದ್ದ ಸಬ್ ಇನ್‌ಸ್ಪೆಕ್ಟರ್ ಒಬ್ಬರ ತಂದೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ನ್ಯಾಯಾಲಯ ನವೆಂಬರ್ 7ರಂದು ಅದಕ್ಕೆ ತಡೆಯೊಡ್ಡಿತು. ನವೆಂಬರ್ 15ರಂದು ರಾಜ್‌ಕುಮಾರ್ ಬಿಡುಗಡೆಯಾದರು. ಆದರೆ ತಂಡ ಕಾಡಿನಲ್ಲಿಯೇ ಉಳಿಯಿತು. 2002ರ ಆಗಸ್ಟ್‌ನಲ್ಲಿ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಅಪಹರಿಸಿತು, ಡಿಸೆಂಬರ್‌ನಲ್ಲಿ ಅವರ ಶವ ಸಿಕ್ಕಿತು. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್‌ನಲ್ಲಿ. ಬಿಡಿಸಿಕೊಂಡ ಮೇಲೆ ಅಪಹರಿಸಿದವರನ್ನು ಹಿಡಿಯಲಾಗದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಾನು ಇದನ್ನು ಹೇಳುತ್ತಿದ್ದೇನೆಯೇ ಹೊರತು, ಆಗ ಬೆಟ್ಟದಷ್ಟು ಆತಂಕದಲ್ಲಿದ್ದವರನ್ನು ದೂರಲು ಅಲ್ಲ.

ಪ್ರತಿಪ್ರಶ್ನೆ (ಮೂಡಿಗೆರೆಯ ಬೆಳೆಗಾರರು):

ಕರೆ ಬಂದ ಆ ಕ್ಷಣದಲ್ಲಿ ನಾವು ಮಾಡಬೇಕಾದದ್ದೇನು?

ಉತ್ತರ:

ಮೊದಲು ಮಗನಿಗೇ ಫೋನ್ ಮಾಡಿ. ಬೆಂಗಳೂರಿನಲ್ಲಿ ಓದುತ್ತಿದ್ದ ಹುಡುಗನನ್ನು ಹಿಡಿದಿದ್ದೇವೆಂದು ಹೇಳಿ, ಹಿನ್ನೆಲೆಯಲ್ಲಿ ಯಾರದೋ ಅಳು ಕೇಳಿಸಿ, ನನ್ನ ಕಕ್ಷಿದಾರರೊಬ್ಬರಿಂದ ಹಣ ಕಿತ್ತುಕೊಳ್ಳಲು ನೋಡಿದ್ದರು. ಹುಡುಗ ಆಗ ಕಾಲೇಜಿನ ತರಗತಿಯಲ್ಲಿ ಕುಳಿತಿದ್ದ. ಅಂಥ ಸುಳ್ಳು ಕರೆಗೆ ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕೂಡಲೇ ತಿಳಿಸಬೇಕು. ಅಪಹರಣ ನಿಜವೇ ಆಗಿದ್ದರೆ ತುರ್ತು ಸಹಾಯದ 112ಕ್ಕೆ ಕರೆ ಮಾಡಿ. ಬದುಕಿರುವುದಕ್ಕೆ ಪುರಾವೆಯಾಗಿ, ಮನೆಯವರಿಗೆ ಮಾತ್ರ ಗೊತ್ತಿರುವ ಪ್ರಶ್ನೆಯೊಂದಕ್ಕೆ ಮಗನ ಬಾಯಿಂದಲೇ ಉತ್ತರ ಕೇಳಿ. ಕೊಡುವುದಿಲ್ಲ ಎನ್ನಬೇಡಿ, ಹೊಂದಿಸಲು ಸಮಯ ಬೇಕು ಎನ್ನಿ. ಆ ಸಮಯ ಪೊಲೀಸರಿಗೂ ಬೇಕು.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ನಮ್ಮ ತೋಟಗಳಲ್ಲಿ ಬಟವಾಡೆಯ ದಿನ ಅದೇ ಜೀಪು, ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಬ್ಯಾಂಕಿನಿಂದ ನಗದು ತರುತ್ತದೆ, ಮತ್ತು ಎಷ್ಟು ತರುತ್ತದೆಂಬುದು ರೈಟರಿನಿಂದ ಹಿಡಿದು ಅಂಗಡಿಯವರವರೆಗೆ ಎಲ್ಲರಿಗೂ ಗೊತ್ತಿರುತ್ತದೆ. ಮುಂದಿನ ವಾರದಿಂದ ದಿನವನ್ನೂ ದಾರಿಯನ್ನೂ ಬದಲಾಯಿಸಿ, ಸಾಧ್ಯವಾದಷ್ಟು ಕೂಲಿಯನ್ನು ಖಾತೆಗೇ ಹಾಕಿ.