ಬ್ಯಾಂಕ್ ಕೆಲಸ ಬಿಡದೆ ‘ವಾಗ್ಲೆ’ ಆಗಿದ್ದು ಹೇಗೆ?

ಡೊಂಬಿವಲಿ ಹುಡುಗ:
2021ರಲ್ಲಿ ಶುರುವಾದ ಹೊಸ ‘ವಾಗ್ಲೆ ಕಿ ದುನಿಯಾ’ ಹಿಂದಿ ಸೀರಿಯಲ್ಲನ್ನು ಈಗ ಅಪ್ಪನ ಜೊತೆ ಕೂತು ನೋಡುತ್ತಿದ್ದೇನೆ. ಅದರಲ್ಲಿ ಅಜ್ಜನ ಪಾತ್ರ ಮಾಡಿರುವ ಅಂಜನ್ ಶ್ರೀವಾಸ್ತವ್ ಅವರೇ 1988ರ ದೂರದರ್ಶನದ ವಾಗ್ಲೆ, ಆ ಮಧ್ಯಮವರ್ಗದ ನೌಕರ. ಆಗೆಲ್ಲ ಅವರು ಅಲಹಾಬಾದ್ ಬ್ಯಾಂಕಿನಲ್ಲಿ ನೌಕರಿ ಮಾಡುತ್ತಲೇ ನಟಿಸುತ್ತಿದ್ದರು ಅಂತಾರೆ ಅಪ್ಪ. ನಿಜವೇ? ನಾನೂ ಆಫೀಸ್ ಮುಗಿಸಿ ಮಾಟುಂಗಾದಲ್ಲಿ ಕನ್ನಡ ನಾಟಕದ ರಿಹರ್ಸಲ್‌ಗೆ ಹೋಗುವವನು. ಸೀರಿಯಲ್‌ಗೆ ಪ್ರಯತ್ನಿಸಬೇಕು ಅಂತ ಆಸೆ.

ಮಾಟುಂಗಾ ಮಾವ:
ನಿಮ್ಮ ಅಪ್ಪ ಹೇಳಿದ್ದು ಸರಿ. ಅಂಜನ್ ಕೋಲ್ಕತ್ತಾದವರು, ಬ್ಯಾಂಕಿನವರು, ಮುಂಬೈಗೆ ಬಂದು ಇಪ್ಟಾ ನಾಟಕ ತಂಡ ಸೇರಿದರು. ನಮ್ಮ ಮೈಸೂರಿನ ನಿರ್ದೇಶಕ ಎಂ. ಎಸ್. ಸತ್ಯು, ಹಿಂದಿ ಸಿನಿಮಾ ನಟ ಎ. ಕೆ. ಹಂಗಲ್ ಎಲ್ಲ ಇದ್ದ ತಂಡ ಅದು. ವಾಗ್ಲೆಯನ್ನು ಹುಟ್ಟಿಸಿದ್ದೂ ಮೈಸೂರಿನವರೇ, ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್. ನಿರ್ದೇಶನ ಕುಂದನ್ ಶಾ, ಹೆಂಡತಿಯಾಗಿ ಭಾರತಿ ಆಚ್ರೇಕರ್. ಒಂದು ಕಂತಿನಲ್ಲಿ ವಾಗ್ಲೆಗೆ ಕಾರು ಗುದ್ದುವ ಹುಡುಗ ಶಾರುಖ್ ಖಾನ್! ಆಮೇಲೆ ‘ಕಭಿ ಹಾ ಕಭಿ ನಾ’ ಸಿನಿಮಾದಲ್ಲಿ ಅದೇ ಶಾರುಖ್‌ಗೆ ಅಂಜನ್ ಅವರೇ ಅಪ್ಪ. ನನ್ನ ಪ್ರಕಾರ ವಾಗ್ಲೆ ಪಾತ್ರ ಅಷ್ಟು ಚೆನ್ನಾಗಿ ಬಂದಿದ್ದಕ್ಕೆ ಬ್ಯಾಂಕೇ ಕಾರಣ. ಮೇಲಧಿಕಾರಿ ಎದುರು ಹೆಗಲು ಇಳಿಸಿ ನಿಲ್ಲುವುದು, ತಿಂಗಳ ಕೊನೆಗೆ ಖರ್ಚಿನ ಮಾತು ಬಂದರೆ ಮುಖ ಸಣ್ಣದಾಗುವುದು, ಇದನ್ನೆಲ್ಲ ಯಾವ ನಟನಾ ಶಾಲೆಯೂ ಹೇಳಿಕೊಡುವುದಿಲ್ಲ.

ಮಲಾಡ್ ಅಕ್ಕ:
ಮಾವ, ನೀವು ಹೇಳಿದ್ದು ಚೆಂದ, ಆದರೆ ಹುಡುಗನ ತಲೆ ಕೆಡಿಸಬೇಡಿ. ಆಗ ದೂರದರ್ಶನ 13 ಕಂತುಗಳ ಲೆಕ್ಕದಲ್ಲಿ ಒಪ್ಪಿಗೆ ಕೊಡುತ್ತಿತ್ತು, ವಾರಕ್ಕೆ ಒಂದೇ ಕಂತು, ರಜೆ ಹೊಂದಿಸಿಕೊಂಡರೆ ಹೇಗೋ ನಡೆಯುತ್ತಿತ್ತು. ಈಗಿನದು ಡೈಲಿ ಸೋಪ್. ನಾನು ಅತ್ತೆ, ಪಕ್ಕದ ಮನೆ ಆಂಟಿ, ಡಾಕ್ಟರ್ ಅಂತ ಸಣ್ಣಪುಟ್ಟ ಪಾತ್ರ ಮಾಡುತ್ತೇನೆ. ಶಿಫ್ಟ್ 12 ಗಂಟೆ. ನಾಳೆ ಕೆಲಸ ಇದೆಯೋ ಇಲ್ಲವೋ ಅಂತ ಕೋಆರ್ಡಿನೇಟರ್ ಹೇಳುವುದೇ ಹಿಂದಿನ ರಾತ್ರಿ. ಬೆಳಿಗ್ಗೆ ಮೇಕಪ್ ಆಗುತ್ತಿರುವಾಗ ಸೀನ್ ಕೈಗೆ ಬರುತ್ತದೆ, ಹಾಳೆ ಇನ್ನೂ ಬೆಚ್ಚಗಿರುತ್ತದೆ, ಒಂದು ಕಣ್ಣು ಮುಚ್ಚಿ ಕಾಡಿಗೆ ಹಚ್ಚಿಸಿಕೊಳ್ಳುತ್ತ ಇನ್ನೊಂದು ಕಣ್ಣಲ್ಲಿ ಹಿಂದಿ ಡೈಲಾಗ್ ಓದಬೇಕು. ಆಮೇಲೆ ಸಂಜೆವರೆಗೂ ಸುಮ್ನೆ ಕೂರುವುದು. ದುಡ್ಡು ಬರುವುದು 90 ದಿನ ಆದ ಮೇಲೆ. ಒಂದು ಕಡೆ ಅದೂ ಬರಲಿಲ್ಲ, ಫೋನ್ ಮಾಡಿ ಮಾಡಿ ಕೈಬಿಟ್ಟೆ. ಟಿಆರ್‌ಪಿ ಬಿದ್ದರೆ ಮೊದಲು ಕಟ್ ಆಗುವುದು ನಮ್ಮ ಪಾತ್ರಗಳ ಕಥೆಯೇ, ಅತ್ತೆ ಇದ್ದಕ್ಕಿದ್ದಂತೆ ತೀರ್ಥಯಾತ್ರೆಗೆ ಹೋಗಿಬಿಡುತ್ತಾಳೆ.

ಡೊಂಬಿವಲಿ ಹುಡುಗ:
ಅಕ್ಕ, ಹಾಗಾದರೆ ಆಸೆ ಬಿಟ್ಟುಬಿಡಲಾ?

ಮಲಾಡ್ ಅಕ್ಕ:
ಯಾಕೆ ಬಿಡಬೇಕು? ಕೆಲಸ ಮಾತ್ರ ಬಿಡಬೇಡಿ. ಜಾಹೀರಾತು, ವೆಬ್ ಸೀರೀಸ್‌ಗಳಲ್ಲಿ ಒಂದೆರಡು ದಿನದ ಪಾತ್ರ ಸಿಗುತ್ತವೆ, ರಜೆ ಹಾಕಿ ಮಾಡಬಹುದು. ಆಡಿಷನ್‌ಗೆ ದುಡ್ಡು ಕೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ. ವಸಾಯಿ ಹತ್ತಿರದ ನಾಯ್ಗಾಂವ್ ಸೆಟ್‌ಗೆ ಕರೆದರೆ ಒಪ್ಪುವ ಮುಂಚೆ ದಿವಾ-ವಸಾಯಿ ರೈಲಿನ ಟೈಮ್ ನೋಡಿಕೊಳ್ಳಿ, ಶೂಟಿಂಗ್ ಮುಗಿದು ಪ್ಯಾಕಪ್ ಆಗುವ ಹೊತ್ತಿಗೆ ಅದು ಸಿಗುವುದಿಲ್ಲ.