ಫುಲ್ ಸ್ಟಾಕ್ ಸರ್ಟಿಫಿಕೇಟ್: ಆನ್‌ಲೈನಾ, ಮೈಸೂರಿನ ಕ್ಲಾಸಾ?

ರೈಸ್‌ಮಿಲ್ ಲೆಕ್ಕದವನು: ಬಿ.ಕಾಂ. ಓದಿದ್ದೇನೆ, ವಯಸ್ಸು 28, ಮಂಡ್ಯದಲ್ಲಿ ಒಂದು ರೈಸ್‌ಮಿಲ್ಲಿನ ಲೆಕ್ಕ ನೋಡಿಕೊಳ್ಳುತ್ತೇನೆ. ರಾತ್ರಿ ಎರಡು ಗಂಟೆ ಬಿಡುವು. ವೆಬ್‌ಸೈಟಿನ ಮುಂದೆ ಕಾಣೋದು, ಹಿಂದೆ ನಡೆಯೋದು ಎರಡನ್ನೂ ಕಟ್ಟೋಕೆ ಕಲಿಸೋ ಫುಲ್ ಸ್ಟಾಕ್ ಸರ್ಟಿಫಿಕೇಟ್ ಆನ್‌ಲೈನಲ್ಲಿ ಮಾಡಲಾ, ಮೈಸೂರಿಗೆ ಕ್ಲಾಸಿಗೆ ಹೋಗಲಾ? ಮಾಡಿದವರು ಹೇಳಿ.

ಕುವೆಂಪುನಗರ ಪಿಜಿ: ಕ್ಲಾಸಿಗೆ ಮಾತ್ರ ಹೋಗಬೇಡಿ ಗುರು. 62,000 ಕಟ್ಟಿದೆ. ಪಿಜಿಗೆ ತಿಂಗಳಿಗೆ 6,500, ಐದು ತಿಂಗಳು. ಅಪ್ಪ ಆಲೆಮನೆಯಲ್ಲಿ ಬೆಲ್ಲ ಮಾರಿದ ದುಡ್ಡು ಅದು. ಜಾವಾಸ್ಕ್ರಿಪ್ಟ್ ಮುಗಿಯುವಷ್ಟರಲ್ಲಿ ಮೂವರು ಮೇಷ್ಟ್ರು ಬದಲಾದರು. ಮೂರನೆಯವರು ಬಂದು ಮತ್ತೆ ವೇರಿಯಬಲ್‌ನಿಂದ ಶುರು ಮಾಡಿದರು! ಆಮೇಲೆ ರಿಯಾಕ್ಟ್‌ನಲ್ಲಿ (ವೆಬ್ ಪುಟ ಕಟ್ಟೋ ಜಾವಾಸ್ಕ್ರಿಪ್ಟ್ ಲೈಬ್ರರಿ) ಹೊಸ ಆಪ್ ಶುರು ಮಾಡೋ ಹಳೇ ಟೂಲ್ ಕ್ರಿಯೇಟ್ ರಿಯಾಕ್ಟ್ ಆಪ್ ಹೇಳಿಕೊಟ್ಟರು. ಹೊಸ ಆಪ್‌ಗಳಿಗೆ ಅದು ಬೇಡ ಅಂತ ರಿಯಾಕ್ಟ್ ತಂಡದವರೇ 2025ರ ಫೆಬ್ರವರಿಯಲ್ಲಿ ಹೇಳಿಯಾಗಿತ್ತು. ನಮ್ಮ ಬ್ಯಾಚ್ ಜೂನ್‌ದು. 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅಂದಿದ್ದರಲ್ಲ, ಬಂದಿದ್ದು ಎರಡು ಫೋನ್. ಎರಡೂ ಕಾಲ್ ಸೆಂಟರ್‌ನವು.

ಹೂಟಗಳ್ಳಿ ಅಕ್ಕ: ನಾನು ಆನ್‌ಲೈನಲ್ಲೇ ಮಾಡಿದೆ. ನಾಲ್ಕು ತಿಂಗಳು ಸಾಕು ಅಂದುಕೊಂಡಿದ್ದೆ, ಹನ್ನೊಂದು ಹಿಡಿಯಿತು. ದುಡ್ಡು ಪ್ರತಿ ತಿಂಗಳು ತಾನಾಗೇ ಕಟ್ ಆಗುತ್ತೆ ಅಲ್ವಾ, ಮಗುವಿಗೆ ಜ್ವರ ಬಂದು ಪುಸ್ತಕ ಮುಟ್ಟದ ತಿಂಗಳೂ ಬಿಡಲಿಲ್ಲ. ಆಪನ್ನು ಕಂಟೇನರ್ ಅನ್ನೋ ಡಬ್ಬಿಯಲ್ಲಿ ಹಾಕಿ ಓಡಿಸೋ ಡಾಕರ್‌ನಲ್ಲೇ ಮೂರು ವಾರ ಹೋಯಿತು. ಕಂಟೇನರ್ ಓಡುತ್ತಿದೆ, ಬ್ರೌಸರ್‌ನಲ್ಲಿ ಏನೂ ಇಲ್ಲ. ನೋಡಿದರೆ ಪೋರ್ಟ್ ನಂಬರ್ (ಮೊದಲು ಕಂಪ್ಯೂಟರಿನದು, ಆಮೇಲೆ ಕಂಟೇನರಿನದು) 8080:3000 ಅಂತ ಬರೆಯೋ ಕಡೆ ತಿರುಗಿಸಿ 3000:8080 ಅಂತ ಬರೆದಿದ್ದೆ. ಆಮೇಲೆ ಬಾಡಿಗೆಗೆ ತಗೊಂಡ ಕ್ಲೌಡ್ ಸರ್ವರ್ ನಿಲ್ಲಿಸೋದು ಮರೆತು 4,870 ರೂಪಾಯಿ ಬಿಲ್. ಯಜಮಾನರಿಗೆ ಇವತ್ತಿಗೂ ಹೇಳಿಲ್ಲ. ಈಗ 18,000 ಸಂಬಳ, ಗಾಡಿಯಲ್ಲಿ ಹತ್ತು ನಿಮಿಷದ ದಾರಿ. ಯಾರ ಕಾಲೂ ಹಿಡಿಯಲಿಲ್ಲ.

ಕುವೆಂಪುನಗರ ಪಿಜಿ: 18,000ಕ್ಕೆ ಹನ್ನೊಂದು ತಿಂಗಳಾ ಅಕ್ಕ? ನಮ್ಮೂರಲ್ಲಿ ಡೈರಿಗೆ ಹಾಲು ಹಾಕೋರು ಅದಕ್ಕಿಂತ ಚೆನ್ನಾಗಿದ್ದಾರೆ.

ಹೂಟಗಳ್ಳಿ ಅಕ್ಕ: ಹಾಗಾದರೆ ನೀವೂ ಹಸು ಕಟ್ಟಬೇಕಿತ್ತು. 62,000ಕ್ಕೆ ಒಳ್ಳೇ ಎಚ್‌ಎಫ್ ಬರುತ್ತಿತ್ತು.

ಹೆಬ್ಬಾಳದವನು: ಜಗಳ ಬಿಡ್ರಪ್ಪ. ಇಂಟರ್‌ವ್ಯೂ ಮಾಡೋನು ನಾನು. ಸರ್ಟಿಫಿಕೇಟ್ ತೆರೆದೂ ನೋಡಲ್ಲ, ಅವರು ಬರೆದ ಕೋಡ್ ಇಟ್ಟಿರೋ ಗಿಟ್‌ಹಬ್ ನೋಡುತ್ತೇನೆ. ಹೋದ ತಿಂಗಳು ಒಬ್ಬರದು ಇಡೀ ಪ್ರಾಜೆಕ್ಟಿಗೆ ಒಂದೇ ಕಮಿಟ್ (ಬದಲಾವಣೆ ಉಳಿಸಿದ ದಾಖಲೆ), ಹೆಸರು 'ಫೈನಲ್ ಫೈನಲ್'. ಅದರಲ್ಲೇ ಗುಟ್ಟಿನ ಸೆಟ್ಟಿಂಗ್ ಇಡೋ ಎನ್‌ವ್ ಫೈಲ್, ಅದರೊಳಗೆ ಡೇಟಾಬೇಸ್ ಪಾಸ್‌ವರ್ಡ್. ಅಲ್ಲಿಗೇ ಮುಗೀತು.

ಕುವೆಂಪುನಗರ ಪಿಜಿ: ಸಾರ್, ಅದು ನನ್ನದೇ ಇರಬೇಕು. ಇಂಥ ಫೈಲ್ ಗಿಟ್‌ಹಬ್‌ಗೆ ಹೋಗದಂತೆ ತಡೆಯೋ ಗಿಟ್ ಇಗ್ನೋರ್ ಅಂತ ಒಂದಿದೆ ಅಂತ ಕ್ಲಾಸಲ್ಲಿ ಯಾರೂ ಹೇಳಿರಲಿಲ್ಲ. ಅವತ್ತೇ ಎದುರಿಗೆ ಹೇಳಬಹುದಿತ್ತಲ್ಲ? 'ತಿಳಿಸುತ್ತೇವೆ' ಅಂತ ಕಳಿಸಿದ್ರಿ.

ಮಂಡ್ಯ ಪಾಸ್‌ದಾರ: ಇವರೆಲ್ಲ ಸುಮ್ನೆ ದುಡ್ಡು ಸುರಿದಿದ್ದಾರೆ. ನಾನು ದಿನಾ ಮಂಡ್ಯ–ಮೈಸೂರು ಟ್ರೈನಲ್ಲೇ ಕಲಿತೆ. ಡೇಟಾಬೇಸ್‌ಗೆ ಐಐಟಿಗಳ ಎನ್‌ಪಿಟೆಲ್ ಆನ್‌ಲೈನ್ ಪಾಠ ಪುಕ್ಕಟೆ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ 1,000. ಶ್ರೀರಂಗಪಟ್ಟಣ ಬರೋಷ್ಟರಲ್ಲಿ ಒಂದು ವೀಡಿಯೊ ಮುಗೀತಿತ್ತು.

ಹೂಟಗಳ್ಳಿ ಅಕ್ಕ: ಬೆಳಗಿನ ಟ್ರೈನಲ್ಲಿ ಒಂಟಿಕಾಲಲ್ಲಿ ನಿಲ್ಲೋಕೆ ಜಾಗ ಇಲ್ಲ, ವೀಡಿಯೊ ನೋಡಿದರಂತೆ!

ಮಂಡ್ಯ ಪಾಸ್‌ದಾರ: ನೀವು ಹತ್ತೋ ಬೋಗಿ ಹಾಗೆ. ಕೊನೇ ಬೋಗಿಗೆ ಬನ್ನಿ, ಸೀಟೇ ಸಿಗುತ್ತೆ.

ರೈಸ್‌ಮಿಲ್ ಲೆಕ್ಕದವನು: ಅಣ್ಣ, ಕೊನೇ ಬೋಗಿ ಮಂಡ್ಯದಲ್ಲಿ ಪ್ಲಾಟ್‌ಫಾರಂ ಮೇಲೇ ನಿಲ್ಲುತ್ತಾ, ಇಲ್ಲಾ ಕಲ್ಲಿನ ಮೇಲೆ ನಡೀಬೇಕಾ?